ವಿಪತ್ತು ನಿರ್ವಹಣೆ ಸರ್ಟಿಫಿಕೇಟ್ ಕೋರ್ಸ್: ಖರ್ಚು, ಪ್ರವೇಶ, ಪರೀಕ್ಷೆ – ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕೃಷ್ಣಾ ನದಿ ದಡದ ಊರು, ಚಿಕ್ಕೋಡಿ ತಾಲೂಕು. ಕಲ್ಲೋಳ-ಯಡೂರ ಸೇತುವೆ ಮುಳುಗಿತು ಅನ್ನೋದು ನಮಗೆ ಮಳೆಗಾಲದ ಮಾಮೂಲಿ ಸುದ್ದಿ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ನಮ್ಮ ಹೊಲಕ್ಕೆ ನೀರು. ಆದರೆ 2019ರ ಆಗಸ್ಟ್‌ನಲ್ಲಿ ನೀರು ಹೊಲದಲ್ಲಿ ನಿಲ್ಲಲಿಲ್ಲ, ಮನೆಯೊಳಗೆ ಬಂತು. ಆಗ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿ ನಾನು ಕೆಲಸ ಮಾಡಿದೆ. ಬಿಪಿ ಮಾತ್ರೆ ಮನೆಯಲ್ಲೇ ಬಿಟ್ಟು ಬಂದ ಅಜ್ಜ, ಹತ್ತು ದಿನದ ಬಾಣಂತಿ, ಎಮ್ಮೆ ಬಿಟ್ಟು ಬರಲ್ಲ ಅಂತ ಹಟ ಹಿಡಿದ ಅಜ್ಜಿ. ಯಾರನ್ನು ಮೊದಲು ನೋಡಬೇಕು ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮನಸ್ಸು ಇತ್ತು, ತಿಳಿವಳಿಕೆ ಇರಲಿಲ್ಲ.

ಅದಾದ ಮೇಲೆ ನಾನು ಇಗ್ನೋದ ವಿಪತ್ತು ನಿರ್ವಹಣೆ ಸರ್ಟಿಫಿಕೇಟ್ ಕೋರ್ಸ್ ಸೇರಿದೆ. ಈಗ ಊರಿನವರು, ಹಳೆಯ ಗೆಳೆಯರು, ಅವರ ಮಕ್ಕಳು ಈ ಕೋರ್ಸ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅರ್ಜಿ ತುಂಬಿಸಿಕೊಡಿ ಅಂತ ಮನೆಗೇ ಬರುವವರೂ ಇದ್ದಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಇದು ಯಾವ ಕೋರ್ಸ್? ಯಾರು ನಡೆಸುತ್ತಾರೆ?

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ. ಸಂಸತ್ತಿನ ಕಾಯ್ದೆಯಿಂದ 1985ರಲ್ಲಿ ಶುರುವಾದ ಕೇಂದ್ರ ವಿಶ್ವವಿದ್ಯಾಲಯ. ಕೋರ್ಸ್ ಹೆಸರು ಸರ್ಟಿಫಿಕೇಟ್ ಇನ್ ಡಿಸಾಸ್ಟರ್ ಮ್ಯಾನೇಜ್‌ಮೆಂಟ್. ಪೋರ್ಟಲ್‌ನಲ್ಲಿ ಹುಡುಕುವಾಗ 'ಸಿಡಿಎಂ' ಅನ್ನೋ ಕೋಡ್ ನೋಡಿ. ಮುಗಿಸೋಕೆ ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ. ಮನೆಯಲ್ಲೇ ಕೂತು ಓದುವ ದೂರಶಿಕ್ಷಣ ಇದು. ದಿನಾ ಕ್ಲಾಸಿಗೆ ಹೋಗಬೇಕಿಲ್ಲ.

ಕರ್ನಾಟಕದಲ್ಲಿ ಇಗ್ನೋಗೆ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಅವುಗಳ ಕೆಳಗೆ ಬೇರೆ ಬೇರೆ ಊರಿನ ಕಾಲೇಜುಗಳಲ್ಲಿ ಅಧ್ಯಯನ ಕೇಂದ್ರಗಳಿವೆ. ಅರ್ಜಿಯಲ್ಲಿ ಪ್ರಾದೇಶಿಕ ಕೇಂದ್ರ ಆರಿಸಿದ ಮೇಲೆ ಅಧ್ಯಯನ ಕೇಂದ್ರಗಳ ಪಟ್ಟಿ ಬರುತ್ತದೆ. ಈ ಕೋರ್ಸ್ ಇರುವ ಕೇಂದ್ರಗಳಷ್ಟೇ ಅಲ್ಲಿ ಕಾಣುತ್ತವೆ. ಹಾಗಾಗಿ ನಿಮ್ಮ ಊರಿನ ಕಾಲೇಜು ಪಟ್ಟಿಯಲ್ಲಿ ಇಲ್ಲದಿದ್ದರೆ ಗಾಬರಿ ಬೇಡ, ಹತ್ತಿರದ್ದನ್ನು ಆರಿಸಿ.

ನೇರವಾಗಿ ಹೇಳಿ, ಒಟ್ಟು ಎಷ್ಟು ಖರ್ಚಾಗುತ್ತೆ?

ಎಲ್ಲರೂ ಮೊದಲು ಕೇಳೋದು ಇದನ್ನೇ. ಕೋರ್ಸ್ ಶುಲ್ಕ ಲಕ್ಷಗಟ್ಟಲೆ ಅಲ್ಲ, ಹತ್ತಾರು ಸಾವಿರವೂ ಅಲ್ಲ. ಐದು ಸಾವಿರ ರೂಪಾಯಿಯ ಒಳಗೇ ಮುಗಿಯುತ್ತದೆ. ಶುಲ್ಕವನ್ನು ಆಗಾಗ ಬದಲಿಸುತ್ತಾರೆ. ನಿಮ್ಮ ಸುತ್ತಿನ ಸರಿಯಾದ ಮೊತ್ತ ಅರ್ಜಿ ತುಂಬುವಾಗ ಪರದೆಯ ಮೇಲೆ ಬರುತ್ತದೆ. ಹಳೆಯ ವಿಡಿಯೋದಲ್ಲಿ ಯಾರೋ ಹೇಳಿದ ಮೊತ್ತ ನೋಡಿ ದುಡ್ಡು ಹೊಂದಿಸಬೇಡಿ.

ಆದರೆ ಆ ಶುಲ್ಕವೇ ಪೂರ್ತಿ ಖರ್ಚಲ್ಲ. ನೋಂದಣಿ ಶುಲ್ಕ ಬೇರೆ ಇದೆ. ಈಚಿನ ಸುತ್ತುಗಳಲ್ಲಿ ಅದು 300 ರೂಪಾಯಿ. ಪ್ರವೇಶ ರದ್ದು ಮಾಡಿದರೂ ಅದು ವಾಪಸ್ ಬರಲ್ಲ. ಪರೀಕ್ಷೆ ಶುಲ್ಕ ಇನ್ನೂ ಬೇರೆ, ಒಂದು ಥಿಯರಿ ವಿಷಯಕ್ಕೆ 200 ರೂಪಾಯಿ. ಪರೀಕ್ಷೆ ಅರ್ಜಿಯ ಗಡುವು ದಾಟಿದರೆ 1,100 ರೂಪಾಯಿ ದಂಡ. ಫೇಲಾದರೆ ಮತ್ತೆ ಪರೀಕ್ಷೆ ಶುಲ್ಕ.

ಇನ್ನು ಯಾರೂ ಲೆಕ್ಕ ಹಾಕದ ಖರ್ಚು. ಪರೀಕ್ಷೆ ಕೇಂದ್ರಕ್ಕೆ ಹೋಗಿಬರುವ ಬಸ್ ಚಾರ್ಜು. ಬೆಳಗಿನ ಪರೀಕ್ಷೆ ಇದ್ದರೆ ನಮ್ಮಂಥ ದೂರದ ಊರಿನವರಿಗೆ ಹಿಂದಿನ ರಾತ್ರಿ ಉಳಿಯುವ ಖರ್ಚು. ಅಸೈನ್‌ಮೆಂಟ್ ಬರೆಯೋಕೆ ಹಾಳೆ, ಸ್ಕ್ಯಾನ್, ಝೆರಾಕ್ಸ್. ದಿನಗೂಲಿ ಮಾಡುವವರಿಗೆ ಪರೀಕ್ಷೆ ದಿನದ ಕೂಲಿಯೂ ಹೋಗುತ್ತದೆ. ನನ್ನ ಜೊತೆ ಅರ್ಜಿ ಹಾಕಿದ ಹುಡುಗನೊಬ್ಬ ಕೋರ್ಸ್ ಶುಲ್ಕವನ್ನು ಕಷ್ಟಪಟ್ಟು ಕಟ್ಟಿದ. ಪರೀಕ್ಷೆಗೆ ಹೋಗೋಕೆ ದುಡ್ಡು ಎತ್ತಿಡಲಿಲ್ಲ, ಆ ಸುತ್ತು ಹೋಯಿತು. ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಪರದೆಯ ಮೇಲೆ ಕಾಣುವ ಮೊತ್ತದ ಅರ್ಧದಷ್ಟನ್ನಾದರೂ ಪ್ರತ್ಯೇಕವಾಗಿ ತೆಗೆದಿಟ್ಟುಕೊಂಡು ಆಮೇಲೆ ಸೇರಿ.

ಏನಾದರೂ ರಿಯಾಯಿತಿ ಇದೆಯಾ?

ಒಂದು ರಿಯಾಯಿತಿ ಎಲ್ಲರಿಗೂ ಸಿಗುತ್ತದೆ. ಮುದ್ರಿತ ಪುಸ್ತಕ ಬೇಡ, ಡಿಜಿಟಲ್ ಪಠ್ಯ ಸಾಕು ಅಂತ ಅರ್ಜಿಯಲ್ಲೇ ಆರಿಸಿದರೆ ಕೋರ್ಸ್ ಶುಲ್ಕದಲ್ಲಿ 15% ಕಡಿಮೆ. ಆದರೆ ಯೋಚಿಸಿ ಆರಿಸಿ. ಮೊಬೈಲ್‌ನಲ್ಲಿ ಪಿಡಿಎಫ್ ಓದಿ ಪರೀಕ್ಷೆ ಬರೆಯೋದು ಎಲ್ಲರಿಗೂ ಆಗಲ್ಲ. ಪ್ರಿಂಟ್ ಹಾಕಿಸೋಕೆ ಹೋದರೆ ಉಳಿಸಿದ ದುಡ್ಡಿಗಿಂತ ಜಾಸ್ತಿ ಅಲ್ಲೇ ಹೋಗುತ್ತದೆ. ನಾನು ಪುಸ್ತಕವೇ ತರಿಸಿಕೊಂಡೆ. ಈಗ ಅದು ಮೂರನೇ ಮನೆಯಲ್ಲಿದೆ.

ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಇರುವುದು ಆಯ್ದ ಕೋರ್ಸ್‌ಗಳಿಗೆ ಮಾತ್ರ, ಅದೂ ಒಂದು ಸಲಕ್ಕೆ ಒಂದೇ ಕೋರ್ಸಿಗೆ. ಆ ಸುತ್ತಿನ ಪಟ್ಟಿಯಲ್ಲಿ ಸಿಡಿಎಂ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕಟ್ಟಿ. ಜಾತಿ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಯಿಂದ ಆರ್‌ಡಿ ನಂಬರ್ ಇರುವ ಹೊಸದನ್ನು ಮೊದಲೇ ತೆಗೆಸಿಡಿ. ಜೈಲಿನಲ್ಲಿರುವವರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೂ ಇಗ್ನೋ ಶುಲ್ಕ ವಿನಾಯಿತಿ ಕೊಟ್ಟಿದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಯಾರು ಸೇರಬಹುದು? ನಾನು ಪಿಯುಸಿ ಫೇಲ್.

ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮನಾದದ್ದು ಪಾಸಾಗಿರಬೇಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ. ಇಷ್ಟೇ ಪರ್ಸೆಂಟ್ ಬೇಕು ಅಂತಿಲ್ಲ, ಪ್ರವೇಶ ಪರೀಕ್ಷೆ ಇಲ್ಲ. ಇಗ್ನೋದ ಬಿಪಿಪಿ ಅನ್ನೋ ಪೂರ್ವಸಿದ್ಧತಾ ಕೋರ್ಸ್ ಮುಗಿಸಿದವರೂ ಸೇರಬಹುದು.

ಪಿಯುಸಿ ಫೇಲ್ ಆಗಿದ್ದರೆ ಮೊದಲು ಅದನ್ನು ಮುಗಿಸಿ. ಪಿಯುಸಿ ಪರೀಕ್ಷೆಯನ್ನೇ ಮತ್ತೆ ಬರೆಯಬಹುದು, ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕವೂ 12ನೇ ತರಗತಿ ಪಾಸು ಮಾಡಬಹುದು. ಅಷ್ಟರವರೆಗೆ ಸುಮ್ನೆ ಕೂರಬೇಕಿಲ್ಲ. ಕೆಳಗೆ ಆಪದಾ ಮಿತ್ರ ತರಬೇತಿ ಬಗ್ಗೆ ಬರೆದಿದ್ದೇನೆ. ಅದಕ್ಕೆ ಪಿಯುಸಿ ಬೇಡ.

ನನಗೆ 52 ವರ್ಷ. ಆಗುತ್ತಾ?

ಖಂಡಿತ ಆಗುತ್ತದೆ. ವಯಸ್ಸಿನ ಮೇಲ್ಮಿತಿ ಇಲ್ಲ.

ಅರ್ಜಿ ಯಾವಾಗ ಹಾಕಬೇಕು? ಏನೇನು ದಾಖಲೆ ಬೇಕು?

ವರ್ಷಕ್ಕೆ ಎರಡು ಸುತ್ತು: ಜನವರಿ ಮತ್ತು ಜುಲೈ. ಅರ್ಜಿ ಪೂರ್ತಿ ಆನ್‌ಲೈನ್, ಇಗ್ನೋದ ಪ್ರವೇಶ ಪೋರ್ಟಲ್‌ನಲ್ಲೇ. ಗಡುವನ್ನು ಮುಂದಕ್ಕೆ ಹಾಕುವುದು ಉಂಟು. ಅದನ್ನು ನಂಬಿಕೊಂಡು ಕೂರಬೇಡಿ. ಡಿಗ್ರಿ ಕೋರ್ಸ್‌ಗಳಿಗೆ ಗಡುವು ಮುಂದೆ ಹೋಗಿ, ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ಹೋಗದೇ ಇರಬಹುದು.

ಫೋಟೊ ಮತ್ತು ಸಹಿ ಸ್ಕ್ಯಾನ್ ಮಾಡಿದ್ದು ತಲಾ 100 ಕೆಬಿಗಿಂತ ಕಡಿಮೆ ಇರಬೇಕು. ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿದ್ಯಾರ್ಹತೆಗೆ ಪಿಯುಸಿ ಅಂಕಪಟ್ಟಿ, ಇವು ತಲಾ 200 ಕೆಬಿಗಿಂತ ಕಡಿಮೆ. ಬೇಕಿದ್ದವರಿಗೆ ಜಾತಿ ಅಥವಾ ಬಿಪಿಎಲ್ ದಾಖಲೆ. ನಮ್ಮೂರಲ್ಲಿ ಎಷ್ಟೋ ಅರ್ಜಿ ನಿಲ್ಲೋದು ಈ ಕೆಬಿ ವಿಷಯದಲ್ಲೇ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊ ಮೂರ್ನಾಲ್ಕು ಎಂಬಿ ಇರುತ್ತದೆ. ಅದನ್ನು ಕುಗ್ಗಿಸಿದಾಗ ಅಕ್ಷರ ಮಸುಕಾಗಿ ಓದಲು ಬರದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಕಂಪ್ಯೂಟರ್ ಸೆಂಟರ್‌ನಲ್ಲಿ ಮಾಡಿಸುವುದಾದರೆ ಅಪ್‌ಲೋಡ್ ಮಾಡುವ ಮೊದಲು ಒಮ್ಮೆ ತೆರೆದು ತೋರಿಸಿ ಅನ್ನಿ.

ಇನ್ನೊಂದು ಮಾತು. ಯೂಸರ್‌ನೇಮ್, ಪಾಸ್‌ವರ್ಡ್ ನೀವೇ ಬರೆದಿಟ್ಟುಕೊಳ್ಳಿ. ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಕೊಡಿ. ಅಂಗಡಿಯವರ ಇಮೇಲ್ ಕೊಟ್ಟು ಆಮೇಲೆ ಹಾಲ್ ಟಿಕೆಟ್ ಸಮಯದಲ್ಲಿ ಪರದಾಡಿದವರನ್ನು ನಾನು ನೋಡಿದ್ದೇನೆ.

ನನ್ನ ಹೆಸರು ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ತೊಂದರೆ ಆಗುತ್ತಾ?

ಆಗುತ್ತದೆ. ನಮ್ಮ ಕಡೆಯವರಿಗೆ ಇದು ಶುಲ್ಕಕ್ಕಿಂತ ದೊಡ್ಡ ತಲೆನೋವು.

ಶಾಲೆಗೆ ಸೇರಿಸುವಾಗ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಇನಿಷಿಯಲ್ ಆಗಿರುತ್ತದೆ. ದಕ್ಷಿಣದಲ್ಲಿ ಊರಿನ ಹೆಸರು, ಅಪ್ಪನ ಹೆಸರಿನ ಅಕ್ಷರಗಳು ಹೆಸರಿನ ಮುಂದೆಯೋ ಹಿಂದೆಯೋ ಇರುತ್ತವೆ. ನಮ್ಮ ಬೆಳಗಾವಿ ಕಡೆ ಮನೆತನದ ಹೆಸರು ಕೊನೆಗೆ ಬರುತ್ತದೆ. ಅಂಕಪಟ್ಟಿಯಲ್ಲಿ ಅದು ಮೊದಲಿಗೆ ಬಂದಿರುತ್ತದೆ. ಆಧಾರ್ ಮಾಡಿಸುವಾಗ ಆಪರೇಟರ್ ಕೇಳಿದ್ದನ್ನೇ ಹೇಳಿರುತ್ತೇವೆ. ಮದುವೆಯಾದ ಹೆಣ್ಣುಮಕ್ಕಳದು ಆಧಾರ್‌ನಲ್ಲಿ ಗಂಡನ ಮನೆಯ ಹೆಸರು, ಅಂಕಪಟ್ಟಿಯಲ್ಲಿ ತವರಿನ ಹೆಸರು.

ಈಗ ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ ಮಾಡಿಕೊಳ್ಳಬೇಕು. ಪಾಸಾದ ಓದಿಗೆ ಸಿಗುವ ಕ್ರೆಡಿಟ್‌ಗಳನ್ನು ಜಮಾ ಮಾಡುವ ಖಾತೆ ಅಂದುಕೊಳ್ಳಿ. ಅದು ಆಧಾರ್ ಹೆಸರನ್ನು ಎತ್ತಿಕೊಳ್ಳುತ್ತದೆ. ನೀವು ಅರ್ಜಿಯಲ್ಲಿ ಅಂಕಪಟ್ಟಿಯ ಹೆಸರು ಬರೆದರೆ ಎರಡೂ ಹೊಂದಲ್ಲ.

ನನ್ನ ಸಲಹೆ: ಅಂಕಪಟ್ಟಿಯ ಹೆಸರನ್ನೇ ಗಟ್ಟಿ ಮಾಡಿಕೊಳ್ಳಿ. ಆಧಾರ್ ತಿದ್ದಿಸೋದು ಸುಲಭ, ಅಂಕಪಟ್ಟಿ ತಿದ್ದಿಸೋದು ಕಷ್ಟ. ಆಧಾರ್‌ನಲ್ಲಿ ಹೆಸರು ತಿದ್ದಿಸೋಕೆ ಜೀವನದಲ್ಲಿ ಎರಡೇ ಸಲ ಸಾಮಾನ್ಯ ಅವಕಾಶ ಇರೋದು. ಹಾಗಾಗಿ ಒಂದೊಂದು ಅಕ್ಷರ, ಒಂದೊಂದು ಸ್ಪೇಸ್ ನೋಡಿ ಮಾಡಿಸಿ. ಸೇರಬೇಕು ಅಂತ ಅಂದುಕೊಂಡ ದಿನವೇ ಈ ಕೆಲಸ ಶುರು ಮಾಡಿ, ಗಡುವಿನ ವಾರದಲ್ಲಲ್ಲ.

ದುಡ್ಡು ಕಟ್ ಆಯ್ತು, ಅರ್ಜಿಯಲ್ಲಿ ಇನ್ನೂ ಬಾಕಿ ಅಂತ ತೋರಿಸ್ತಿದೆ.

ಕೂಡಲೇ ಎರಡನೇ ಸಲ ಕಟ್ಟಬೇಡಿ. ಒಂದು ದಿನ ಕಾಯಿರಿ, ಮತ್ತೆ ಲಾಗಿನ್ ಆಗಿ ನೋಡಿ. ಬ್ಯಾಂಕ್ ಮೆಸೇಜ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗಡುವಿನ ಕೊನೆಯ ರಾತ್ರಿ ಕಟ್ಟುವವರಿಗೆ ಈ ಒಂದು ದಿನ ಸಿಗಲ್ಲ. ಅದಕ್ಕೇ ವಾರ ಮುಂಚೆ ಕಟ್ಟಿ.

ಕನ್ನಡದಲ್ಲಿ ಓದಬಹುದಾ, ಬರೆಯಬಹುದಾ?

ಇಲ್ಲ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಬೇಜಾರಾಗುತ್ತದೆ. ಪಠ್ಯ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಅರ್ಜಿಯಲ್ಲಿ ಆರಿಸಿದ ಮಾಧ್ಯಮದಲ್ಲೇ ಉತ್ತರ ಬರೆಯಬೇಕು. ನೀರು ಬಂದಾಗ ಕೆಲಸ ಮಾಡುವವರು ಕನ್ನಡದಲ್ಲೇ ಮಾತಾಡುತ್ತಾರೆ. ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯ್ತಿ ಸದಸ್ಯರು, ಅಂಬಿಗರು ಎಲ್ಲರೂ. ಅವರ ಕೈಗೆ ಸಿಗಬೇಕಾದ ಪುಸ್ತಕ ಇದು.

ಆದರೂ ಇಂಗ್ಲಿಷ್‌ಗೆ ಹೆದರಿ ಬಿಡಬೇಡಿ. ಪಠ್ಯದ ಇಂಗ್ಲಿಷ್ ಕಷ್ಟದ್ದಲ್ಲ. ಪದೇ ಪದೇ ಬರುವ ಪದಗಳು ಐವತ್ತು ಅರವತ್ತು ಇರಬಹುದು. ನಾನು ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಮ್ಮ ಊರಿನ ಉದಾಹರಣೆ ಬರೆದುಕೊಂಡೆ. 'ಹಝಾರ್ಡ್' ಅಂದರೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬರುವ ನೀರು. 'ವಲ್ನರಬಿಲಿಟಿ' ಅಂದರೆ ನದಿಗೆ ಅಂಟಿಕೊಂಡ ಓಣಿಯ ಮಣ್ಣಿನ ಗೋಡೆ ಮನೆಗಳು. 'ಕೆಪಾಸಿಟಿ' ಅಂದರೆ ನಮ್ಮೂರ ಅಂಬಿಗರು, ಟ್ರ್ಯಾಕ್ಟರ್‌ಗಳು, ಎತ್ತರದಲ್ಲಿರುವ ಶಾಲೆ. ಹಾಗೆ ಬರೆದ ಮೇಲೆ ಯಾವ ಪದವೂ ಮರೆಯಲಿಲ್ಲ.

ದಿನಕ್ಕೆ ಎಷ್ಟು ಹೊತ್ತು ಓದಬೇಕು? ನಾನು ಹೊಲದ ಕೆಲಸದವನು.

ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಈ ಕೋರ್ಸ್ 16 ಕ್ರೆಡಿಟ್. ಅಂದರೆ 480 ಗಂಟೆ. ಆರು ತಿಂಗಳಲ್ಲೇ ಮುಗಿಸಬೇಕು ಅಂದರೆ ದಿನಕ್ಕೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಎರಡು ವರ್ಷಕ್ಕೆ ಹರಡಿದರೆ ವಾರಕ್ಕೆ ಐದು ಗಂಟೆಯೂ ಬೇಡ.

ಕಬ್ಬು ಕಟಾವು, ಬಿತ್ತನೆ ಇರುವವರು ಆರು ತಿಂಗಳ ಹಟ ಮಾಡಬೇಡಿ. ಒಂದು ಪರೀಕ್ಷೆ ಸುತ್ತಿಗೆ ಒಂದೇ ವಿಷಯ ಅಂತ ಇಟ್ಟುಕೊಂಡರೂ ಎರಡು ವರ್ಷದ ಒಳಗೆ ಮುಗಿಯುತ್ತದೆ.

ಪರೀಕ್ಷೆ ಹೇಗಿರುತ್ತೆ?

ಎರಡು ಭಾಗ. ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್‌ಗೆ 30%, ಕೊನೆಯ ಪರೀಕ್ಷೆಗೆ 70%. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಅಸೈನ್‌ಮೆಂಟ್ ಪ್ರಶ್ನೆಗಳು ವೆಬ್‌ಸೈಟ್‌ನಲ್ಲಿ ಇರುತ್ತವೆ, ನಿಮ್ಮ ಸುತ್ತಿನದ್ದೇ ಇಳಿಸಿಕೊಳ್ಳಿ.

ಒಂದು ವಿಷಯ ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ: ಕೋರ್ಸ್ ಶುಲ್ಕ ಕಟ್ಟಿದರೆ ಪರೀಕ್ಷೆಗೆ ಹೆಸರು ತಾನಾಗಿ ಹೋಗಲ್ಲ. ಪರೀಕ್ಷೆ ಅರ್ಜಿ ಬೇರೆ ತುಂಬಬೇಕು, ಕೇಂದ್ರ ಆರಿಸಬೇಕು, ಶುಲ್ಕ ಕಟ್ಟಬೇಕು. ನಾನು ಮೊದಲ ಸಲ ಇದನ್ನು ತಿಳಿಯದೆ ಒಂದು ಸುತ್ತು ಕಳೆದುಕೊಂಡೆ. ತಪ್ಪು ನನ್ನದೇ, ಕೈಪಿಡಿಯಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಅಸೈನ್‌ಮೆಂಟ್ ಕೊಟ್ಟಾಗ ರಸೀದಿ ತೆಗೆದುಕೊಳ್ಳಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಕೈಗೆ ಬರುವ ತನಕ ಆ ರಸೀದಿ ಬೇಕು.

ಉತ್ತರ ಬರೆಯುವಾಗ ಪುಸ್ತಕದ ವ್ಯಾಖ್ಯೆ ಬರೆದು ನಿಲ್ಲಿಸಬೇಡಿ. ನಮ್ಮ ರಾಜ್ಯದ ಒಂದು ಘಟನೆ ಸೇರಿಸಿ. ಬೇರೆಯವರ ಅಸೈನ್‌ಮೆಂಟ್ ದುಡ್ಡು ಕೊಟ್ಟು ಕೊಂಡು ನಕಲು ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಈ ಓದು ಒಂದು ದಿನ ನಿಮ್ಮ ಮನೆಯವರಿಗೇ ಬೇಕಾಗುತ್ತದೆ.

ಅಷ್ಟಕ್ಕೂ ಇದರಲ್ಲಿ ಏನು ಕಲಿಸ್ತಾರೆ?

ಪ್ರವಾಹ, ಬರ, ಭೂಕಂಪ, ಚಂಡಮಾರುತ, ಭೂಕುಸಿತ, ಬೆಂಕಿ, ಕಾರ್ಖಾನೆ ಅವಘಡ, ಸಾಂಕ್ರಾಮಿಕ ರೋಗ. ಒಂದೊಂದೂ ಯಾಕೆ ಆಗುತ್ತದೆ, ಮೊದಲೇ ಏನು ಮಾಡಿದರೆ ಹಾನಿ ಕಡಿಮೆ, ಆದಾಗ ಯಾರ ಕೆಲಸ ಏನು, ಆದ ಮೇಲೆ ಬದುಕು ಕಟ್ಟೋದು ಹೇಗೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೂಡ ಓದಬೇಕು. ಅದನ್ನು ಓದಿದಾಗಲೇ ನನಗೆ ಗೊತ್ತಾಗಿದ್ದು, ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲೆಗೆ ಒಂದು ಯೋಜನೆ ಇರಲೇಬೇಕು ಅಂತ. ನಮ್ಮ ಜಿಲ್ಲೆಯ ಯೋಜನೆಯಲ್ಲಿ ನಮ್ಮ ಹಳ್ಳಿಯ ಹೆಸರು ಹುಡುಕಿದೆ. ನೀವೂ ಹುಡುಕಿ ನೋಡಿ.

ಕರ್ನಾಟಕದವರಿಗೆ ಪುಸ್ತಕದ ಪಾಠ ದೂರದ್ದು ಅನ್ನಿಸಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಬಿತ್ತು. ಭೂಕುಸಿತದ ಪಾಠದಲ್ಲಿ ಇಳಿಜಾರನ್ನು ಕಡಿದಾಗಿ ಕತ್ತರಿಸಿದರೆ, ನೀರು ಹರಿದು ಹೋಗುವ ದಾರಿ ಮುಚ್ಚಿದರೆ ಮಣ್ಣು ಏನಾಗುತ್ತದೆ ಅಂತ ಇದೆ. ಅದನ್ನು ಓದಿ ಘಟ್ಟದ ರಸ್ತೆಯಲ್ಲಿ ಹೋದರೆ ಕಣ್ಣಿಗೆ ಕಾಣೋದೇ ಬೇರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತರು. ಬೆಂಕಿಗಿಂತ ಹೊಗೆ ಬೇಗ ಕೊಲ್ಲುತ್ತದೆ ಅನ್ನೋ ಪಾಠ ಓದುವಾಗ ಅದೇ ಕಣ್ಣ ಮುಂದೆ ಬಂತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಜಾತ್ರೆ, ರಥೋತ್ಸವ ನಡೆಸುವ ಪ್ರತಿ ಊರಿನ ಕಮಿಟಿಯಲ್ಲಿ ಜನಸಂದಣಿ ಬಗ್ಗೆ ತಿಳಿದವರು ಒಬ್ಬರಾದರೂ ಇರಬೇಕು ಅಲ್ವಾ?

ಈ ಸರ್ಟಿಫಿಕೇಟ್ ಇದ್ದರೆ ಕೆಲಸ ಸಿಗುತ್ತಾ?

ಇದೊಂದರಿಂದಲೇ ಸಿಗುತ್ತದೆ ಅಂತ ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ. ಜಿಲ್ಲಾಡಳಿತದಲ್ಲಿ ವಿಪತ್ತು ನಿರ್ವಹಣೆ ತಜ್ಞರ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಓದು ಕೇಳುತ್ತಾರೆ. ಕಾರ್ಖಾನೆಯ ಸೇಫ್ಟಿ ಆಫೀಸರ್ ಆಗೋಕೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಬೇಕು, ಅದು ಬೇರೆಯೇ ಓದು.

ಈಗಾಗಲೇ ಒಂದು ಕೆಲಸದಲ್ಲಿ ಇರುವವರಿಗೆ ಇದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಶಿಕ್ಷಕರು, ನರ್ಸ್‌ಗಳು, ಪಂಚಾಯ್ತಿ ಸಿಬ್ಬಂದಿ, ಹೋಮ್ ಗಾರ್ಡ್‌ಗಳು, ಸ್ವಯಂಸೇವಾ ಸಂಸ್ಥೆಯವರು, ಅಪಾರ್ಟ್‌ಮೆಂಟ್ ಮೇಲ್ವಿಚಾರಕರು. ಡಿಗ್ರಿ ಆದವರು ಇದೇ ಹಾದಿಯಲ್ಲಿ ಮುಂದೆ ಹೋಗಬೇಕು ಅಂತಿದ್ದರೆ ಇಗ್ನೋದಲ್ಲೇ ಸ್ನಾತಕೋತ್ತರ ಡಿಪ್ಲೊಮಾ ಇದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನಕ್ಕೆ ಒಂದು ಪ್ರತ್ಯೇಕ ವಿಭಾಗವೇ ಇದೆ. ಅಂಥವರಿಗೆ ಈ ಸರ್ಟಿಫಿಕೇಟ್ ಬೇಡ, ನೇರ ಅಲ್ಲಿಗೇ ಹೋಗಿ. ದುಡ್ಡೂ ಉಳಿಯುತ್ತದೆ, ಸಮಯವೂ.

ಇದು ಮುಗಿದರೆ ನೀರಿಗಿಳಿದು ಜನರನ್ನು ಕಾಪಾಡಬಹುದಾ?

ಬೇಡ. ಇದು ಓದಿನ ಕೋರ್ಸ್. ಈಜು, ಹಗ್ಗದ ಗಂಟು, ದೋಣಿ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸುವ ಕ್ರಮ) ಇವನ್ನು ಕೈಯಿಂದ ಮಾಡಿ ಮಾಡಿಯೇ ಕಲಿಯಬೇಕು. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ), ಅಗ್ನಿಶಾಮಕ ದಳದವರು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಸರ್ಟಿಫಿಕೇಟ್ ಇದೆ ಅಂತ ಹರಿಯುವ ನೀರಿಗೆ ಇಳಿದರೆ ಕಾಪಾಡಬೇಕಾದವರ ಪಟ್ಟಿಗೆ ಇನ್ನೊಬ್ಬರು ಸೇರುತ್ತಾರೆ, ಅಷ್ಟೇ.

ದುಡ್ಡೇ ಇಲ್ಲ. ಉಚಿತವಾಗಿ ಕಲಿಯೋ ದಾರಿ ಇದೆಯಾ?

ಇದೆ. ನನ್ನ ಮನಸ್ಸಿನ ಮಾತು ಹೇಳಬೇಕೆಂದರೆ, ದುಡ್ಡಿದ್ದವರೂ ಮೊದಲು ಇದನ್ನು ಮಾಡಿ ಆಮೇಲೆ ಇಗ್ನೋ ಕಡೆ ಬರಬೇಕು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದಾ ಮಿತ್ರ ಯೋಜನೆ 2016ರಲ್ಲಿ ಶುರುವಾಯಿತು. ಮೊದಲು ದೇಶದ 30 ಪ್ರವಾಹಪೀಡಿತ ಜಿಲ್ಲೆಗಳಲ್ಲಿ 6,000 ಸ್ವಯಂಸೇವಕರಿಗೆ ತರಬೇತಿ. ಆಮೇಲೆ ಅದನ್ನು 350 ಜಿಲ್ಲೆಗಳಿಗೆ, ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿದರು. 12 ದಿನದ ತರಬೇತಿ, ಶುಲ್ಕ ಇಲ್ಲ. 18ರಿಂದ 40 ವರ್ಷದವರಿಗೆ, ಏಳನೇ ತರಗತಿ ಓದಿದ್ದರೆ ಸಾಕು. ಪ್ರಥಮ ಚಿಕಿತ್ಸೆ, ಹುಡುಕಾಟ, ರಕ್ಷಣೆ ಎಲ್ಲ ಕೈಯಾರೆ ಮಾಡಿಸುತ್ತಾರೆ. ಆಮೇಲೆ ಯುವ ಆಪದಾ ಮಿತ್ರ ಅಂತ ಎನ್‌ಸಿಸಿ, ಎನ್‌ಎಸ್‌ಎಸ್, ನೆಹರು ಯುವ ಕೇಂದ್ರ, ಸ್ಕೌಟ್ಸ್ ಮತ್ತು ಗೈಡ್ಸ್‌ನವರಿಗೂ ಮಾಡಿದರು. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಅಂತ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ, ಹೆಸರು ಬರೆಸಿ ಬನ್ನಿ.

ದೆಹಲಿಯ ರಾಷ್ಟ್ರೀಯ ವಿಪತ್ತು ನಿರ್ವಹಣಾ ಸಂಸ್ಥೆ, ಎನ್‌ಐಡಿಎಂ, ಆನ್‌ಲೈನ್‌ನಲ್ಲಿ ಉಚಿತ ತರಬೇತಿ ನಡೆಸುತ್ತದೆ. ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕಲಿಕೆ ಪೋರ್ಟಲ್‌ನಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ದುಡ್ಡು. ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್‌ನವರ ಪ್ರಥಮ ಚಿಕಿತ್ಸೆ ತರಬೇತಿಯೂ ಇದೆ.

ಒಂದು ಖಾಸಗಿ ಸಂಸ್ಥೆಯವರು 'ಸರ್ಕಾರಿ ಮಾನ್ಯತೆ ಇದೆ, 100% ಕೆಲಸ ಗ್ಯಾರಂಟಿ' ಅಂತ 25 ಸಾವಿರ ಕೇಳ್ತಿದ್ದಾರೆ.

ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಹೆಸರು ಹೇಳಿದರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೆಬ್‌ಸೈಟ್‌ನಲ್ಲಿ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಹಾಕುತ್ತದೆ. ಹೆಸರು ಹೇಳದೆ ಮಾತು ತೇಲಿಸಿದರೆ ಎದ್ದು ಬನ್ನಿ. ಈ ಕ್ಷೇತ್ರದಲ್ಲಿ ಕೆಲಸ ಗ್ಯಾರಂಟಿ ಅನ್ನುವ ಕೋರ್ಸ್ ಅನ್ನು ನಾನಂತೂ ನಂಬಲ್ಲ.

ಡಿಗ್ರಿ ಓದ್ತಾ ಇದನ್ನೂ ಮಾಡಬಹುದಾ?

ಮಾಡಬಹುದು. ಪರೀಕ್ಷೆ ದಿನಾಂಕ ಎರಡೂ ಒಂದೇ ದಿನ ಬಂದರೆ ಯಾರೂ ಬದಲಿಸಿಕೊಡಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು.

ನಮ್ಮಣ್ಣ ಅಮೆರಿಕದಲ್ಲಿದ್ದಾನೆ, ಅಕ್ಕ ದುಬೈನಲ್ಲಿದ್ದಾಳೆ. ಅವರು ಸೇರಬಹುದಾ?

ವಿದೇಶದಲ್ಲಿ ಇರುವವರಿಗೆ ಇಗ್ನೋದ ಅಂತಾರಾಷ್ಟ್ರೀಯ ವಿಭಾಗದ ಮೂಲಕ ಪ್ರವೇಶ. ಶುಲ್ಕ ಡಾಲರ್‌ನಲ್ಲಿ, ನಮ್ಮದಕ್ಕಿಂತ ಜಾಸ್ತಿ. ಅಮೆರಿಕದಲ್ಲಿ ಇರುವವರು ಅಲ್ಲಿನ ದಾರಿಯನ್ನೇ ನೋಡುವುದು ಒಳ್ಳೆಯದು. ವಿಪತ್ತು ನಿರ್ವಹಣೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಮಾದ ಆನ್‌ಲೈನ್ ಕೋರ್ಸ್‌ಗಳು ಉಚಿತ. ಸರ್ಟ್ ಅನ್ನುವ ನೆರೆಹೊರೆಯ ತಂಡದ ತರಬೇತಿಯನ್ನು ಊರೂರಲ್ಲಿ ನಡೆಸುತ್ತಾರೆ. 1985ರಲ್ಲಿ ಲಾಸ್ ಏಂಜಲೀಸ್ ಅಗ್ನಿಶಾಮಕ ದಳ ಶುರು ಮಾಡಿದ್ದು ಅದು. ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ, ಕಾಡ್ಗಿಚ್ಚು ಎರಡೂ ಇವೆ. ಅಲ್ಲಿರುವ ಕನ್ನಡಿಗರು ತಮ್ಮ ಬೀದಿಯ ತಂಡಕ್ಕೆ ಸೇರಿದರೆ ಆ ಕಲಿಕೆ ಅಲ್ಲೇ ಉಪಯೋಗಕ್ಕೆ ಬರುತ್ತದೆ.

ಮಧ್ಯೆ ಬಿಟ್ಟರೆ ದುಡ್ಡು ವಾಪಸ್ ಬರುತ್ತಾ?

ನೋಂದಣಿ ಶುಲ್ಕ ಬರಲ್ಲ. ಕೋರ್ಸ್ ಶುಲ್ಕ ಎಷ್ಟು ಬರುತ್ತದೆ ಅನ್ನೋದು ನೀವು ಯಾವಾಗ ರದ್ದು ಮಾಡುತ್ತೀರಿ ಅನ್ನೋದರ ಮೇಲೆ. ಪ್ರವೇಶ ಖಾತ್ರಿಯಾಗುವ ಮೊದಲು ಕೇಳಿದರೆ ಹೆಚ್ಚು, ತಡವಾದಷ್ಟೂ ಕಡಿಮೆ. ಬಿಡಬೇಕು ಅನ್ನಿಸಿದರೆ ಮೊದಲ ವಾರದಲ್ಲೇ ತೀರ್ಮಾನಿಸಿ. ಓದು ಅರ್ಧ ಆಗಿದ್ದರೆ ಬಿಡಬೇಡಿ, ಎರಡು ವರ್ಷ ಸಮಯ ಇದೆ.

ಇವತ್ತೇ ಶುರು ಮಾಡಬೇಕು ಅಂದರೆ ಏನು ಮಾಡಲಿ?

ಮೊದಲು ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ಹೆಸರು ನೋಡಿ. ಹೊಂದಿದರೆ ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ ಮಾಡಿ. ಆಮೇಲೆ ಸಿಡಿಎಂ ಕೋರ್ಸಿನ ಪುಟ ತೆರೆದು ಈ ಸುತ್ತಿನ ಶುಲ್ಕ ಮತ್ತು ಗಡುವು ಬರೆದಿಟ್ಟುಕೊಳ್ಳಿ.

ಅಷ್ಟಾದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಇದಕ್ಕೆ ಯಾವ ಪ್ರವೇಶವೂ ಬೇಡ. 112 ಬರೆಯಿರಿ. ಜಿಲ್ಲಾ ಸಹಾಯವಾಣಿ 1077 ಬರೆಯಿರಿ. ನಿಮ್ಮ ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಆಶಾ ಕಾರ್ಯಕರ್ತೆ, ಲೈನ್‌ಮನ್, ದೋಣಿ ಇರುವವರು, ಟ್ರ್ಯಾಕ್ಟರ್ ಇರುವವರ ನಂಬರ್ ಬರೆಯಿರಿ. ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಮುದುಕರು, ಗರ್ಭಿಣಿಯರು, ನಡೆಯಲಾಗದವರ ಹೆಸರು ಬರೆಯಿರಿ. 2019ರಲ್ಲಿ ನಮ್ಮ ಹತ್ತಿರ ಈ ಹಾಳೆ ಇರಲಿಲ್ಲ. ಈಗ ಅದು ನಮ್ಮ ಶಾಲೆಯ ಗೋಡೆಯ ಮೇಲಿದೆ. ಪ್ರತಿ ಮೇ ತಿಂಗಳಲ್ಲಿ ನಂಬರ್‌ಗಳಿಗೆ ಫೋನ್ ಮಾಡಿ, ಬದಲಾದದ್ದನ್ನು ತಿದ್ದುತ್ತೇವೆ.